ಮಳೆಕಾಡಿನ ನದಿದಂಡೆಯಲ್ಲಿ ಎರಡು ರಾತ್ರಿ: ಹೋ ಕಣಿವೆಗೆ ಹೊರಟಿರುವ ದಾವಣಗೆರೆ, ಚಿತ್ರದುರ್ಗದವರಿಗೆ ಮಾರ್ಗದರ್ಶಿ

ಮಗನೋ ಮಗಳೋ ಸಿಯಾಟಲ್ ಕಡೆ ಕೆಲಸದಲ್ಲಿರುವ ಮನೆಗಳು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಈಗ ಕಡಿಮೆಯೇನಿಲ್ಲ. ಆ ಮನೆಗಳ ಹಿರಿಯರು ಅಮೆರಿಕಕ್ಕೆ ಹೊರಡುವ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಮಕ್ಕಳು ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ, ನದಿ ಪಕ್ಕ ಟೆಂಟ್ ಹಾಕಿ ಎರಡು ರಾತ್ರಿ ಇರೋಣ ಎನ್ನುತ್ತಿದ್ದಾರೆ. ನಮ್ಮ ವಯಸ್ಸಿಗೆ ಅದು ಆಗುತ್ತದೆಯೇ? ಇಲ್ಲಿಂದ ಏನೇನು ಒಯ್ಯಬೇಕು?” ನಡೆದಾಡಲು, ನೆಲದಿಂದ ಎದ್ದು ಕೂರಲು ತೊಂದರೆಯಿಲ್ಲದವರಿಗೆ ಖಂಡಿತ ಆಗುತ್ತದೆ. ಆದರೆ ಬಯಲುಸೀಮೆಯ ನಾವು ಹೆದರುವುದು ಹಾವಿಗೆ, ಕರಡಿಗೆ ಮತ್ತು ಚಳಿಗೆ. ಆ ಕಾಡಿನಲ್ಲಿ ನಿಜವಾಗಿ ಹೆದರಬೇಕಾದದ್ದು ಒದ್ದೆಗೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ಮೈಯನ್ನೂ ಹಾಸಿಗೆಯನ್ನೂ ಒಣಗಿರುವಂತೆ ನೋಡಿಕೊಳ್ಳುವುದನ್ನೇ ಕುರಿತಿವೆ.

ಎಂಥ ಜಾಗ ಅದು?

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ ಒಲಿಂಪಿಕ್ ಪರ್ವತಗಳಿವೆ. ಅವುಗಳ ಪಶ್ಚಿಮ ಮಗ್ಗುಲಿನಲ್ಲಿ ಹೋ ಎಂಬ ನದಿಯ ಕಣಿವೆಯಿದೆ. 1938ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ, 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪ್ರದೇಶದೊಳಗೆ ಈ ಕಣಿವೆ ಬರುತ್ತದೆ. ಇಲ್ಲಿನ ಕಾಡನ್ನು ಸಮಶೀತೋಷ್ಣ ಮಳೆಕಾಡು ಎನ್ನುತ್ತಾರೆ, ಅಂದರೆ ತಂಪು ಹವೆಯ ನಾಡಿನಲ್ಲಿ ಸಮುದ್ರದ ತೇವಗಾಳಿಯನ್ನು ಬೆಟ್ಟಸಾಲು ತಡೆದು ಮಳೆಯಾಗಿ ಇಳಿಸುವ ಕಡೆ ಬೆಳೆಯುವ ದಟ್ಟ ಕಾಡು. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ಸೀಡರ್ ಜಾತಿಯ ಭಾರಿ ಮರಗಳು, ದೊಡ್ಡೆಲೆಯ ಮೇಪಲ್ ಮರಗಳ ಕೊಂಬೆಗಳಿಂದ ಇಳಿಬಿದ್ದ ಹಾವಸೆ, ಬಿದ್ದ ಮರದ ಮೈಮೇಲೆಯೇ ಸಾಲಾಗಿ ಮೊಳೆತ ಸಸಿಗಳು ಇಲ್ಲಿನ ನೋಟ.

ಚಿತ್ರದುರ್ಗದಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಹೋ ಕಣಿವೆಯಲ್ಲಿ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಆಗುಂಬೆಯ ಮಳೆ ಇದರ ಎರಡು ಪಟ್ಟಿನಷ್ಟಿದೆಯಲ್ಲ ಎಂದು ಮಲೆನಾಡನ್ನು ಬಲ್ಲವರು ಹೇಳಬಹುದು. ನಿಜ, ಆದರೆ ಆಗುಂಬೆಯಲ್ಲಿ ನೆನೆದವನಿಗೆ ನೆಗಡಿಯಾದೀತು. ಹೋ ಕಣಿವೆಯಲ್ಲಿ ಜುಲೈ ತಿಂಗಳ ರಾತ್ರಿಯೂ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರುವುದರಿಂದ, ಅಲ್ಲಿ ನೆನೆದ ಬಟ್ಟೆಯಲ್ಲೇ ಮಲಗಿದವನ ಜೀವಕ್ಕೇ ಅಪಾಯ ಬರಬಹುದು.

ಹಂತ 1: ತಿಂಗಳು ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳಿ

ನಮ್ಮ ಮಳೆಗಾಲ ಅವರ ಒಣಕಾಲ. ಅಲ್ಲಿ ಮಳೆ ಹೆಚ್ಚಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸುರಿಯುತ್ತದೆ. ಜುಲೈ ಮತ್ತು ಆಗಸ್ಟ್ ಉಳಿದೆಲ್ಲ ತಿಂಗಳಿಗಿಂತ ಒಣಗಿರುತ್ತವೆ. ಮೊದಲ ಬಾರಿ ಹೋಗುವವರು ಈ ಎರಡು ತಿಂಗಳನ್ನು ಬಿಟ್ಟು ಬೇರೆಯದನ್ನು ಯೋಚಿಸಬೇಕಾಗಿಲ್ಲ. ಜೂನ್ ಕೊನೆ, ಜುಲೈ ಮೊದಲಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ ಎಂಬುದನ್ನೂ ಮೊದಲೇ ತಿಳಿದಿರಿ; ಏಳಕ್ಕೆ ಊಟ ಮುಗಿಸಿ ಮಲಗುವ ರೂಢಿಯವರಿಗೆ ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಬೇಕಾಗುತ್ತದೆ.

ಜಾಗದ ವಿಚಾರದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ. ಕಾರು ಹೋಗುವ, ನಲ್ಲಿ ನೀರೂ ಶೌಚಾಲಯವೂ ಇರುವ ಹೋ ಕ್ಯಾಂಪ್‌ಗ್ರೌಂಡ್‌ನಲ್ಲೇ ಇಳಿದುಕೊಳ್ಳಿ. ಕ್ಯಾಂಪ್‌ಗ್ರೌಂಡ್ ಎಂದರೆ ಡೇರೆ ಹಾಕಲು ಅಂಕಣಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಮೇಜು ಮತ್ತು ಬೆಂಕಿಗೆ ಕಬ್ಬಿಣದ ಬಳೆ ಇಟ್ಟಿರುವ ತಾಣ. ಸ್ನಾನದ ಮನೆ, ವಿದ್ಯುತ್ ಸಂಪರ್ಕ ಇಲ್ಲಿಲ್ಲ. ಹೋ ನದಿಯ ದಂಡೆಗುಂಟ ಹಿಮನದಿಯ ತನಕ ಹೋಗುವ ಕಾಲುದಾರಿಯಲ್ಲಿ ಇನ್ನೂ ಒಳಗೆ ತಂಗಲು ಪ್ರತ್ಯೇಕ ಪರವಾನಗಿ ಬೇಕು, ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಮಕ್ಕಳು ಎಷ್ಟೇ ಹುಮ್ಮಸ್ಸಿನಿಂದ ಕರೆದರೂ ಮೊದಲ ಸಲಕ್ಕೆ ಅದು ಬೇಡ. ಬೇಸಿಗೆಯ ಅಂಕಣಗಳನ್ನು ತಿಂಗಳುಗಟ್ಟಲೆ ಮೊದಲೇ ಜನ ಕಾಯ್ದಿರಿಸುತ್ತಾರಾದ್ದರಿಂದ ವಿಮಾನದ ಟಿಕೆಟ್ ಮಾಡಿಸಿದ ದಿನವೇ ಮಕ್ಕಳಿಗೆ ಇದನ್ನೂ ನೆನಪಿಸಿ.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ಹವಾಮಾನವನ್ನು ಸಿಯಾಟಲ್‌ದೋ ದಾರಿಯಲ್ಲಿ ಸಿಗುವ ಸ್ಕ್ವಿಮ್ ಪಟ್ಟಣದ್ದೋ ನೋಡಿ ‘ಬಿಸಿಲಿದೆ’ ಎಂದು ಹೊರಡುತ್ತಾರೆ. ಪಶ್ಚಿಮ ಘಟ್ಟದ ಮರೆಯಲ್ಲಿ ಚಿತ್ರದುರ್ಗ ಇರುವಂತೆಯೇ ಸ್ಕ್ವಿಮ್ ಒಲಿಂಪಿಕ್ ಬೆಟ್ಟಗಳ ಮಳೆನೆರಳಿನಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 400 ಮಿಲಿಮೀಟರ್ ಮಾತ್ರ, ನಮ್ಮ ಊರಿಗಿಂತಲೂ ಕಡಿಮೆ. ಬೆಟ್ಟ ಬಳಸಿ ಪಶ್ಚಿಮಕ್ಕೆ ಬಂದರೆ ಲೆಕ್ಕವೇ ಬೇರೆ. ಆದ್ದರಿಂದ ಫೋರ್ಕ್ಸ್ ಪಟ್ಟಣದ ಇಲ್ಲವೇ ಹೋ ಕಣಿವೆಯದೇ ಮುನ್ಸೂಚನೆಯನ್ನು ನೋಡಬೇಕು. ರಸ್ತೆಯ ಸ್ಥಿತಿಯನ್ನೂ ಉದ್ಯಾನದ ಜಾಲತಾಣದಲ್ಲಿ ವಿಚಾರಿಸಿಕೊಳ್ಳಿ: 2024ರ ಡಿಸೆಂಬರಿನ ಪ್ರವಾಹದಲ್ಲಿ ಕಣಿವೆಗೆ ಹೋಗುವ ಏಕೈಕ ರಸ್ತೆ ಕೊಚ್ಚಿಹೋಗಿ 2025ರ ಮೇ ತಿಂಗಳವರೆಗೆ ಮುಚ್ಚಿತ್ತು.

ಹಂತ 2: ಬಟ್ಟೆಯನ್ನು ಆರಿಸಿ, ಹತ್ತಿಯನ್ನು ಮನೆಯಲ್ಲೇ ಬಿಡಿ

ಹತ್ತಿ ಗಿರಣಿಗಳಿಂದಲೇ ಹೆಸರು ಮಾಡಿದ್ದ ಊರಿನಲ್ಲಿ ಕುಳಿತು ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಹತ್ತಿ ಬಟ್ಟೆ ಈ ಕಾಡಿಗೆ ತಕ್ಕುದಲ್ಲ. ಹತ್ತಿಯು ಬೆವರನ್ನೂ ಮಳೆಯನ್ನೂ ಹೀರಿ ಹಿಡಿದಿಟ್ಟುಕೊಂಡು, ಗಾಳಿಯ ಸ್ಪರ್ಶವಾದಂತೆ ಮೈಯ ಶಾಖವನ್ನು ಎಳೆದುಬಿಡುತ್ತದೆ. ನಮ್ಮ ಬಿಸಿಲಿಗೆ ಇದೇ ಗುಣ ಹಿತವೆನಿಸುತ್ತದೆ, ಅಲ್ಲಿ ಇದೇ ಗುಣ ಮುಳುವಾಗುತ್ತದೆ. ಬನಿಯನ್, ಜೀನ್ಸ್, ಹತ್ತಿ ಸೀರೆ, ಪಂಚೆ ಇವೆಲ್ಲ ಮಕ್ಕಳ ಮನೆಯಲ್ಲೇ ಉಳಿಯಲಿ. ಸೀರೆಯನ್ನು ಬಿಟ್ಟಿರದ ಹಿರಿಯ ಹೆಂಗಸರಿಗೂ ಇದೊಂದು ಎರಡು ದಿನ ಸಿಂಥೆಟಿಕ್ ಸಲ್ವಾರು ಇಲ್ಲವೇ ಪ್ಯಾಂಟು ಹಾಕಿಕೊಳ್ಳಿರೆಂದೇ ಹೇಳುತ್ತೇನೆ. ಹಸಿ ಹುಲ್ಲು, ಜರೀಗಿಡಗಳ ನಡುವೆ ಸೀರೆಯ ಅಂಚು ನೆನೆದು ಮೊಣಕಾಲಿನವರೆಗೆ ಏರಲು ಹತ್ತು ನಿಮಿಷ ಸಾಕು.

ಉಡುಪನ್ನು ಮೂರು ಪದರಗಳಾಗಿ ಯೋಚಿಸಬೇಕು. ಮೈಗೆ ಅಂಟಿಕೊಳ್ಳುವ ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳ ಉಡುಪು ಮೊದಲನೆಯದು. ಅದು ಬೆವರನ್ನು ಹೊರಕ್ಕೆ ದಾಟಿಸುತ್ತದೆ. ಶಾಖವನ್ನು ಹಿಡಿದಿಡುವ ಉಣ್ಣೆಯ ಸ್ವೆಟರ್ ಇಲ್ಲವೇ ಫ್ಲೀಸ್, ಅಂದರೆ ಮೆದುವಾದ ಸಿಂಥೆಟಿಕ್ ನೂಲಿನ ಅಂಗಿ, ಎರಡನೆಯದು. ಟೋಪಿಯಿರುವ ಮಳೆ ಜಾಕೆಟ್ಟು ಮತ್ತು ಮಳೆ ಪ್ಯಾಂಟು ಮೂರನೆಯದು. ನಮ್ಮ ಸ್ಕೂಟರಿನ ರೇನ್‌ಕೋಟು ಹೊರಗಿನ ಮಳೆಯನ್ನು ತಡೆದರೂ ಬೆವರನ್ನು ಒಳಗೇ ಉಳಿಸುವುದರಿಂದ ಅರ್ಧ ಗಂಟೆ ನಡೆದರೆ ಒಳಗಿನಿಂದಲೇ ನೆನೆಯುತ್ತೀರಿ. ಮಂಕಿ ಟೋಪಿಯನ್ನು ಒಯ್ಯಲು ನಾಚಬೇಡಿ. ಉಣ್ಣೆಯ ಕಾಲುಚೀಲ ಮೂರು ಜೊತೆ ಇರಲಿ. ಅದರಲ್ಲಿ ಒಂದು ಜೊತೆ ಮಲಗುವುದಕ್ಕೆ ಮಾತ್ರ ಮೀಸಲಾಗಿದ್ದು ಡೇರೆಯಿಂದ ಹೊರಗೆ ಬರಲೇಬಾರದು.

ಇಲ್ಲಿಂದ ಹೊತ್ತೊಯ್ಯಲು ಯೋಗ್ಯವಾದದ್ದು ಒಂದಿದ್ದರೆ ಅದು ಚಳ್ಳಕೆರೆಯ ಕಂಬಳಿ. ಉಣ್ಣೆಯು ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ ಎಂಬುದು ನಮ್ಮ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ಡೇರೆಯೊಳಗೆ, ಮಲಗುವ ಚಾಪೆಯ ಮೇಲೆ ಹಾಸಲು ಅಥವಾ ಹೊದಿಕೆಯ ಮೇಲೊಂದು ಹೊದಿಕೆಯಾಗಿ ಬಳಸಿ. ಮಳೆಯಲ್ಲಿ ಹೊದ್ದು ತಿರುಗಬೇಡಿ, ಪೂರ್ತಿ ನೆನೆದ ಕಂಬಳಿ ಆ ಕಾಡಿನಲ್ಲಿ ವಾರವಾದರೂ ಒಣಗುವುದಿಲ್ಲ.

ಹಂತ 3: ಡೇರೆಯನ್ನೂ ಹಾಸಿಗೆಯನ್ನೂ ಹೊರಡುವ ಮೊದಲೇ ಪರೀಕ್ಷಿಸಿ

ಡೇರೆ, ಚೀಲಹಾಸಿಗೆ, ಚಾಪೆಗಳನ್ನು ಕೊಳ್ಳುವ ಅಗತ್ಯವಿಲ್ಲ. ಸಿಯಾಟಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಡೇರೆಗೆ ನೆಲದವರೆಗೂ ಇಳಿಯುವ ಮೇಲ್ಹೊದಿಕೆ ಇರಬೇಕು. ಫ್ಲೈ ಎಂದು ಕರೆಯುವ ಈ ಹೊರಪದರ ಒಳಗಿನ ಡೇರೆಗೆ ತಾಗದಂತೆ ಬಿಗಿಯಾಗಿ ನಿಲ್ಲಬೇಕು. ಮೊಣಕಾಲು ನೋವಿರುವವರು ನಿಂತು ಬಟ್ಟೆ ಬದಲಿಸಬಹುದಾದಷ್ಟು ಎತ್ತರದ ಡೇರೆಯನ್ನೇ ಕೇಳಿ.

ಚೀಲಹಾಸಿಗೆಯಲ್ಲಿ, ಅಂದರೆ ಸ್ಲೀಪಿಂಗ್ ಬ್ಯಾಗಿನಲ್ಲಿ, ಎರಡು ಬಗೆಗಳಿವೆ. ಹಕ್ಕಿಯ ಗರಿ ತುಂಬಿದ್ದು ಹಗುರ, ಆದರೆ ತೇವವಾದರೆ ಗರಿ ಮುದ್ದೆಯಾಗಿ ಬೆಚ್ಚಗಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೃತಕ ನಾರು ತುಂಬಿದ್ದು ದಪ್ಪ, ಆದರೆ ಈ ಕಾಡಿಗೆ ಅದೇ ಸರಿ. ಅದರ ಮೇಲೆ ಬರೆದಿರುವ ಎರಡು ಉಷ್ಣತೆಗಳಲ್ಲಿ ‘ಲಿಮಿಟ್’ ಎಂಬುದನ್ನು ನಂಬಬೇಡಿ. ‘ಕಂಫರ್ಟ್’ ಎಂಬ ಅಂಕಿ 0 ಡಿಗ್ರಿಯ ಹತ್ತಿರವಿದ್ದರೆ ಬಯಲುಸೀಮೆಯ ಮೈಗೆ ನೆಮ್ಮದಿ. ಕೆಳಗಿನ ಚಾಪೆಯನ್ನು ಅನೇಕರು ಕಡೆಗಣಿಸುತ್ತಾರೆ. ರಾತ್ರಿಯಿಡೀ ಶಾಖವನ್ನು ಹೀರುವುದು ಗಾಳಿಗಿಂತ ಹೆಚ್ಚಾಗಿ ತಣ್ಣನೆಯ ನೆಲ. ಮೈಭಾರಕ್ಕೆ ಚೀಲಹಾಸಿಗೆಯ ಕೆಳಭಾಗ ಒತ್ತಿಹೋಗಿ ಏನನ್ನೂ ತಡೆಯುವುದಿಲ್ಲ. ಚಾಪೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಆರ್-ವ್ಯಾಲ್ಯೂ’ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 3ಕ್ಕಿಂತ ಕಡಿಮೆಯಿರದಿರಲಿ.

ಬಾಡಿಗೆಯ ಡೇರೆಯನ್ನು ಮಕ್ಕಳ ಮನೆಯ ಹಿತ್ತಲಿನಲ್ಲಿ ಒಮ್ಮೆ ನಿಲ್ಲಿಸಿ, ಕೊಳವೆಯಿಂದ ಐದು ನಿಮಿಷ ನೀರು ಹಾಯಿಸಿ, ಒಳಗೆ ಕುಳಿತು ಹೊಲಿಗೆಗಳನ್ನು ನೋಡಿ. ಸೋರುವುದೇನಾದರೂ ಇದ್ದರೆ ಅಲ್ಲಿಯೇ ಗೊತ್ತಾಗಲಿ.

ಹಂತ 4: ಊಟ ಮತ್ತು ಒಲೆ

ಇಲ್ಲಿಂದ ಒಯ್ಯುವ ತಿನಿಸನ್ನೆಲ್ಲ ಅಮೆರಿಕದ ಕಸ್ಟಮ್ಸ್‌ನಲ್ಲಿ ಘೋಷಿಸಲೇಬೇಕು. ಮಾಂಸ, ತಾಜಾ ಹಣ್ಣು, ತರಕಾರಿ ಬೇಡ; ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ. ಶೇಂಗಾ ಚಟ್ನಿಪುಡಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ ಕಾಡಿನಲ್ಲಿ ಬಹಳ ಅನುಕೂಲ. ಖಡಕ್ ರೊಟ್ಟಿ ಆ ತೇವಕ್ಕೆ ಒಂದೇ ರಾತ್ರಿಯಲ್ಲಿ ಚರ್ಮದಂತಾಗುವುದರಿಂದ ಗಾಳಿಯಾಡದ ಡಬ್ಬಿಯಲ್ಲಿರಲಿ. ಮಂಡಕ್ಕಿಯ ಆಸೆಯನ್ನು ಬಿಟ್ಟುಬಿಡಿ. ಮೆತ್ತಗಾದ ಮಂಡಕ್ಕಿ ತಿನ್ನುವ ಸಂಕಟವನ್ನು ದಾವಣಗೆರೆಯವರಿಗೆ ವಿವರಿಸಬೇಕಾಗಿಲ್ಲ.

ಅಡುಗೆಗೆ ಸಣ್ಣ ಗ್ಯಾಸ್ ಒಲೆಯನ್ನು ನೆಚ್ಚಿಕೊಳ್ಳಿ. ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು. ಮಳೆ ಬಂತೆಂದು ಒಲೆಯನ್ನು ಡೇರೆಯೊಳಗೆ ಎಂದಿಗೂ ಹಚ್ಚಬೇಡಿ. ಬಟ್ಟೆಗೆ ಬೆಂಕಿ ತಗಲುವುದು ಒಂದು ಅಪಾಯ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಮಲಗಿದಲ್ಲೇ ಪ್ರಾಣ ಹೋಗುವುದು ಅದಕ್ಕಿಂತ ದೊಡ್ಡದು. ಎರಡು ಮರಗಳ ನಡುವೆ ತಾಡಪಾಲನ್ನು ಇಳಿಜಾರಾಗಿ ಕಟ್ಟಿದರೆ ಅದರಡಿ ಅಡುಗೆ, ಕಾಫಿ, ಹರಟೆ ಎಲ್ಲವೂ ನಡೆಯುತ್ತದೆ.

ಇನ್ನು ಬೆಂಕಿ. ಅದನ್ನು ಕಬ್ಬಿಣದ ಬಳೆಯೊಳಗೆ ಮಾತ್ರ ಹಾಕಬೇಕು, ಒಣಕಾಲದಲ್ಲಿ ಕೆಲವೊಮ್ಮೆ ಅದಕ್ಕೂ ನಿಷೇಧವಿರುತ್ತದೆ. ಕಾಡಿನ ಕಟ್ಟಿಗೆ ಸದಾ ತೊಯ್ದಿರುವುದರಿಂದ ಹೊಗೆಯಲ್ಲದೆ ಬೇರೇನೂ ಸಿಗದು. ಹತ್ತಿರದ ಊರಿನಲ್ಲೇ ಒಣ ಸೌದೆಯ ಕಟ್ಟು ಕೊಳ್ಳಿ. ದೂರದಿಂದ ಸೌದೆ ತರಬಾರದು, ಅದರೊಳಗಿನ ಕೀಟಗಳು ಹೊಸ ಕಾಡಿಗೆ ಹರಡುತ್ತವೆ.

ಹಂತ 5: ತಲುಪಿದ ಮೇಲೆ ಮೊದಲು ಮೇಲೆ ನೋಡಿ

ಫೋರ್ಕ್ಸ್‌ನಿಂದ ಕಣಿವೆಗೆ ಸುಮಾರು ಐವತ್ತು ಕಿಲೋಮೀಟರ್, ಒಂದು ಗಂಟೆಯ ದಾರಿ. ಪೆಟ್ರೋಲನ್ನು ಅಲ್ಲಿಯೇ ತುಂಬಿಸಿ, ಮನೆಗೆ ಫೋನನ್ನೂ ಅಲ್ಲಿಂದಲೇ ಮಾಡಿ. ಕಣಿವೆಯೊಳಗೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ಉದ್ಯಾನದ ಬಾಗಿಲಲ್ಲಿ ಕಾರುಗಳ ಸಾಲು ಗಂಟೆಗಟ್ಟಲೆ ನಿಲ್ಲುವುದುಂಟು, ಆದ್ದರಿಂದ ಬೆಳಿಗ್ಗೆ ಬೇಗ ತಲುಪುವುದು ಜಾಣತನ.

ನಿಮ್ಮ ಅಂಕಣಕ್ಕೆ ಬಂದ ಕೂಡಲೇ ಸಾಮಾನು ಇಳಿಸಬೇಡಿ. ಮೊದಲು ತಲೆಯೆತ್ತಿ ಮರಗಳನ್ನು ನೋಡಿ. ಒಣಗಿದ ಕೊಂಬೆ, ಅರ್ಧ ಮುರಿದು ಸಿಕ್ಕಿಕೊಂಡಿರುವ ರೆಂಬೆ, ವಾಲಿದ ಸತ್ತ ಮರ ಇವುಗಳ ಕೆಳಗೆ ಡೇರೆ ಹಾಕಬಾರದು. ಇಲ್ಲಿನ ಮಣ್ಣಿನಲ್ಲಿ ನೀರು ಮೇಲೆಯೇ ಸಿಗುವುದರಿಂದ ಭಾರಿ ಮರಗಳ ಬೇರು ಕೂಡ ಆಳಕ್ಕೆ ಇಳಿದಿರುವುದಿಲ್ಲ; ಹಾವಸೆ ಹೊತ್ತ ಕೊಂಬೆ ಮಳೆಯಲ್ಲಿ ಇನ್ನಷ್ಟು ಭಾರವಾಗಿರುತ್ತದೆ. ಆಮೇಲೆ ನೆಲವನ್ನು ನೋಡಿ. ಸುತ್ತಲಿಗಿಂತ ಅಂಗೈಯಗಲವಾದರೂ ಎತ್ತರದ, ಈಗಾಗಲೇ ತುಳಿದು ಗಟ್ಟಿಯಾದ ಜಾಗವೇ ಒಳ್ಳೆಯದು. ಹಾವಸೆಯ ಮೆತ್ತೆ ಹಾಸಿಗೆಗಿಂತ ಸೊಗಸಾಗಿ ಕಂಡರೂ ಅದರೊಳಗೆ ನೀರು ತುಂಬಿರುತ್ತದೆ, ಒಮ್ಮೆ ಜಜ್ಜಿಹೋದರೆ ಮತ್ತೆ ಬೆಳೆಯಲು ವರ್ಷಗಳು ಬೇಕು.

ಡೇರೆಯ ಅಡಿಗೆ ಹಾಸುವ ತಾಡಪಾಲಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ದೊಡ್ಡದಾಗಿರಲಿ ಎಂದು ಅಂಚುಗಳನ್ನು ಹೊರಗೆ ಬಿಡುವುದು. ಹೊರಬಂದ ಅಂಚಿನ ಮೇಲೆ ಬಿದ್ದ ಮಳೆ ಸೀದಾ ನಿಮ್ಮ ಬೆನ್ನಡಿಗೆ ಹರಿಯುತ್ತದೆ. ರಸ್ತೆ ಬದಿ ಒಣಹಾಕಿದ ಮೆಕ್ಕೆಜೋಳದ ರಾಶಿಗೆ ಮಳೆಯ ನೀರು ಅಡಿಯಿಂದ ನುಗ್ಗದಂತೆ ನಮ್ಮ ರೈತರು ತಾಡಪಾಲಿನ ಅಂಚನ್ನು ಮಡಚಿ ಒಳಸೇರಿಸುವ ಹಾಗೆ, ಇಲ್ಲಿಯೂ ಅಂಚು ಡೇರೆಯ ತಳಕ್ಕಿಂತ ನಾಲ್ಕು ಬೆರಳು ಒಳಗಿರಬೇಕು. ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿ ಬೇಡ. ಅದು ನೆಲವನ್ನೂ ಬೇರನ್ನೂ ಹಾಳುಮಾಡುತ್ತದೆ, ಜಾಗ ಸರಿಯಾಗಿದ್ದರೆ ಅದರ ಅಗತ್ಯವೂ ಬೀಳದು. ಮಳೆ ಸುರಿಯುತ್ತಿದ್ದರೆ ಅಡುಗೆಯ ತಾಡಪಾಲನ್ನು ಮೊದಲು ಕಟ್ಟಿ, ಅದರ ಮರೆಯಲ್ಲಿ ಡೇರೆಯನ್ನು ಬಿಚ್ಚಿ.

ಬೆಳಿಗ್ಗೆ ಎದ್ದಾಗ ಡೇರೆಯ ಒಳಮೈಯಲ್ಲಿ ಹನಿಗಳು ಕಂಡರೆ ಸೋರಿದೆಯೆಂದು ತಿಳಿಯಬೇಡಿ. ಅದು ನಿಮ್ಮ ಉಸಿರಿನ ಆವಿಯೇ ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಚಳಿಯೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿದಷ್ಟೂ ಒಳಗೆ ಹೆಚ್ಚು ಒದ್ದೆಯಾಗುತ್ತದೆ. ಮೇಲಿನ ಗಾಳಿಕಿಂಡಿಗಳನ್ನು ತೆರೆದಿಡಿ, ಒದ್ದೆ ಬಟ್ಟೆ ಮತ್ತು ಬೂಟುಗಳನ್ನು ಬಾಗಿಲ ಮುಂದಿನ ಮರೆಯಲ್ಲೇ ಬಿಡಿ.

ಹಂತ 6: ಈ ನದಿ ತುಂಗಭದ್ರೆಯಲ್ಲ

ಹರಿಹರದಲ್ಲಿ ತುಂಗಭದ್ರೆ ಏರಿದರೆ ಮಲೆನಾಡಿನಲ್ಲಿ ಮಳೆಯಾಗಿದೆಯೆಂದೋ ಭದ್ರಾ ಜಲಾಶಯದಿಂದ ನೀರು ಬಿಟ್ಟಿದ್ದಾರೆಂದೋ ತಿಳಿಯುತ್ತೇವೆ. ಹೋ ನದಿಗೆ ಮಳೆಯ ಜೊತೆಗೆ ಒಲಿಂಪಸ್ ಶಿಖರದ ಹಿಮನದಿಗಳೂ ನೀರುಣಿಸುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಚೆನ್ನಾಗಿ ಬಿಸಿಲು ಬಿದ್ದ ದಿನವೇ ಹಿಮ ಕರಗಿ, ಮಧ್ಯಾಹ್ನದ ನಂತರ ಅದು ಏರುತ್ತದೆ. ಬೆಳಿಗ್ಗೆ ಸುಲಭವಾಗಿ ದಾಟಿದ ಕವಲು ಸಂಜೆಗೆ ದಾಟಲಾಗದಷ್ಟು ತುಂಬಿರಬಹುದು. ಬಂಡೆ ಉಜ್ಜಿದ ಹಿಟ್ಟಿನಂಥ ಪುಡಿ ಬೆರೆತಿರುವುದರಿಂದ ನೀರು ಹಾಲು ಬೆರೆಸಿದ ಬೂದುನೀಲಿ ಬಣ್ಣದ್ದಾಗಿದ್ದು, ಆಳ ಕಾಣುವುದಿಲ್ಲ.

ಹೊಸ ನದಿ ಕಂಡರೆ ಮುಳುಗು ಹಾಕುವ ಆಸೆ ನಮ್ಮಲ್ಲಿ ಸಹಜ. ಇಲ್ಲಿ ಬೇಡ. ಹಿಮದ ನೀರಿಗೆ ಇಳಿದ ಕ್ಷಣವೇ ಉಸಿರು ಬಿಗಿಹಿಡಿಯುತ್ತದೆ; ಹೃದಯದ ತೊಂದರೆ, ರಕ್ತದೊತ್ತಡ ಇರುವವರಿಗೆ ಅಷ್ಟೇ ಸಾಕು. ಪ್ರವಾಹ ಹೊತ್ತು ತಂದ ಭಾರಿ ದಿಮ್ಮಿಗಳು ನಡುನದಿಯಲ್ಲಿ ಒಟ್ಟಿಕೊಂಡಿರುತ್ತವೆ, ಅವುಗಳ ಅಡಿಗೆ ಸೆಳೆತ ಎಳೆದುಕೊಂಡರೆ ಈಜು ಬಲ್ಲವರೂ ಹೊರಬರಲಾರರು. ದಂಡೆಯ ಕಲ್ಲಿನ ಮೇಲೆ ಕುಳಿತು ಕೈಕಾಲು ತೊಳೆದು, ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಕುಡಿಯಲು ಕ್ಯಾಂಪಿನ ನಲ್ಲಿಯ ನೀರನ್ನೇ ಬಳಸಿ. ನದಿಯ ನೀರೇ ಬೇಕಾದರೆ ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು, ತಿಳಿನೀರನ್ನು ಬಸಿದು, ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಕುದಿಸಬೇಕು. ತಿಳಿಯಾಗಿಸದೆ ಶೋಧಕಕ್ಕೆ ಹಾಕಿದರೆ ಆ ಪುಡಿ ಅದನ್ನು ಕಟ್ಟಿಬಿಡುತ್ತದೆ.

ಹಂತ 7: ಪ್ರಾಣಿಗಳು ಮತ್ತು ಡೇರೆಯೊಳಗಿನ ವಾಸನೆ

ಮೊದಲು ಸಮಾಧಾನದ ಸಂಗತಿಗಳು: ಆ ಕಾಡಿನಲ್ಲಿ ವಿಷದ ಹಾವುಗಳಿಲ್ಲ, ಮಲೆನಾಡಿನ ಇಂಬಳಗಳಿಲ್ಲ. ಬಾಳೆಹಣ್ಣಿನ ಗಾತ್ರದ, ಚಿಪ್ಪಿಲ್ಲದ ಹಳದಿ ಬಸವನಹುಳುಗಳಿವೆ, ಅವು ಯಾರಿಗೂ ಏನೂ ಮಾಡವು. ಕಪ್ಪು ಕರಡಿಗಳಿವೆ, ಆದರೆ ಅವು ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ. ವಾಸನೆಯನ್ನು ಹುಡುಕಿಕೊಂಡು ಬರುತ್ತವೆ. ಕರಡಿಗಿಂತ ಹೆಚ್ಚಾಗಿ ಕಾಡುವವು ಇಲಿ, ಕಾಗೆ, ರಕೂನ್‌ಗಳು.

ಡೇರೆಯೊಳಗೆ ತಿನ್ನುವ ವಸ್ತು ಯಾವುದೂ ಇರಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ನಮ್ಮವರು ಮರೆಯುವುದು ತಿನ್ನದ ವಸ್ತುಗಳನ್ನು. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ನೋವಿನ ಮುಲಾಮು, ಊದುಬತ್ತಿ, ಎಲೆಅಡಿಕೆ, ಒಗ್ಗರಣೆಯ ಘಮಲು ಹಿಡಿದ ಸ್ವೆಟರು ಇವೆಲ್ಲವೂ ಪ್ರಾಣಿಯ ಮೂಗಿಗೆ ಊಟದ ಸೂಚನೆಗಳೇ. ರಾತ್ರಿ ಇವೆಲ್ಲ ಕಾರಿನೊಳಗೆ, ಗಾಜು ಏರಿಸಿ, ಬೀಗ ಹಾಕಿ ಇರಲಿ. ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬೇಡಿ.

ರೂಸ್‌ವೆಲ್ಟ್ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕ್ಯಾಂಪಿನ ನಡುವೆಯೇ ಮೇಯುತ್ತಿರುತ್ತವೆ. ಸಾಧುವಾಗಿ ಕಂಡರೂ ಕನಿಷ್ಠ 45 ಮೀಟರ್ ದೂರವಿರಬೇಕು. ಮರಿಹಾಕುವ ಮೇ–ಜೂನ್‌ನಲ್ಲಿ ತಾಯಂದಿರು, ಬೆದೆಯ ಸೆಪ್ಟೆಂಬರಿನಲ್ಲಿ ಗಂಡುಗಳು ಮೇಲೇರಿ ಬರುವುದುಂಟು. ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಮೊಮ್ಮಕ್ಕಳ ಒತ್ತಾಯಕ್ಕೂ ಒಪ್ಪಬೇಡಿ.

ಹಂತ 8: ಶೌಚ ಮತ್ತು ತೊಳೆಯುವ ಕೆಲಸ

ಕ್ಯಾಂಪಿನ ಶೌಚಾಲಯದಲ್ಲಿ ನೀರಿನ ಚೊಂಬು ಇರುವುದಿಲ್ಲ. ಒಂದು ಸಣ್ಣ ಬಾಟಲಿ ಜೊತೆಗಿರಲಿ. ಕಾಲುದಾರಿಯಲ್ಲಿ ದೂರ ಹೋದಾಗ ಅನಿವಾರ್ಯವಾದರೆ ನೀರಿನಿಂದಲೂ ದಾರಿಯಿಂದಲೂ 60 ಮೀಟರ್ ದೂರದಲ್ಲಿ, ಒಂದು ಗೇಣು ಆಳದ ಗುಣಿ ತೋಡಿ, ಮುಗಿದ ಮೇಲೆ ಮುಚ್ಚಬೇಕು. ಪಾತ್ರೆ, ಬಟ್ಟೆ, ಮೈ ಯಾವುದನ್ನೂ ನದಿಯಲ್ಲಿ ಸೋಪು ಹಾಕಿ ತೊಳೆಯುವಂತಿಲ್ಲ.

ಹಂತ 9: ಮಲಗುವ ಮುನ್ನ, ಮತ್ತು ಯಾರಿಗಾದರೂ ಚಳಿ ಹಿಡಿದರೆ

ಹಗಲಿನ ಬಟ್ಟೆ ಒಣಗಿದೆ ಎನಿಸಿದರೂ ಪೂರ್ತಿ ಬದಲಿಸಿ. ತಲೆಗೆ ಕಟ್ಟುವ ದೀಪ, ಬಿ.ಪಿ., ಸಕ್ಕರೆಯ ಮಾತ್ರೆಗಳು ಕೈಗೆಟಕುವಲ್ಲಿರಲಿ. ರಾತ್ರಿ ಮೂತ್ರಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ ಮಲಗುವವರಿದ್ದಾರೆ; ನೀರು ಕಡಿಮೆಯಾದರೆ ಚಳಿ ಹೆಚ್ಚೇ ಕಾಡುತ್ತದೆ.

ಜೊತೆಯಲ್ಲಿರುವವರು ನಡುಗುತ್ತಿದ್ದು, ಮಾತು ತೊದಲಿ, ಗುಂಡಿ ಹಾಕಲು ಬೆರಳು ಆಡದೆ, ನಡೆಯುವಾಗ ತಡವರಿಸಿದರೆ ಅದನ್ನು ಸುಸ್ತು ಎಂದುಕೊಳ್ಳಬೇಡಿ. ದೇಹದ ಒಳಗಿನ ಉಷ್ಣತೆಯೇ ಇಳಿಯುತ್ತಿರುವ ಲಕ್ಷಣ ಅದು, ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ತಕ್ಷಣ ಒದ್ದೆ ಬಟ್ಟೆ ಕಳಚಿ, ಒಣಬಟ್ಟೆ ತೊಡಿಸಿ, ಟೋಪಿ ಹಾಕಿ, ಕಂಬಳಿ ಸಮೇತ ಚೀಲಹಾಸಿಗೆಯೊಳಗೆ ಮಲಗಿಸಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ಹಾಕಿದ ಬಿಸಿ ಪಾನೀಯ ಕೊಡಿ. ಕೈಕಾಲು ಜೋರಾಗಿ ತಿಕ್ಕುವುದು, ಮದ್ಯ ಕೊಡುವುದು ಎರಡೂ ತಪ್ಪು. ನಡುಕ ನಿಂತು ಮಂಪರು ಬಂದರೆ ಅದು ಗುಣವಾದ ಗುರುತಲ್ಲ, ಕೆಟ್ಟ ಗುರುತು. ಕಾರಿನ ಹೀಟರ್ ಹಾಕಿಕೊಂಡು ಫೋರ್ಕ್ಸ್‌ನ ಆಸ್ಪತ್ರೆಗೆ ಹೊರಡಬೇಕು, ಸಂಪರ್ಕ ಸಿಕ್ಕ ಕೂಡಲೇ 911ಕ್ಕೆ ಕರೆ ಮಾಡಬೇಕು.

ಹಂತ 10: ಹೊರಡುವ ಬೆಳಿಗ್ಗೆ

ಒಳಗಿನ ಒಣ ಸಾಮಾನುಗಳನ್ನೆಲ್ಲ ಮೊದಲು ಕಾರಿಗೆ ಸೇರಿಸಿ, ಡೇರೆಯನ್ನು ಕೊನೆಗೆ ಬಿಚ್ಚಿ, ಅದನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಬೆಂಕಿಯ ಬಳೆಗೆ ನೀರು ಸುರಿದು, ಕಡ್ಡಿಯಿಂದ ಕೆದಕಿ, ಬೂದಿ ಕೈಗೆ ತಣ್ಣಗೆ ಹತ್ತುವವರೆಗೆ ಮತ್ತೆ ಸುರಿಯಿರಿ. ಸಿಯಾಟಲ್‌ಗೆ ಮರಳಿದ ಅದೇ ದಿನ ಡೇರೆಯನ್ನು ಮೊಗಸಾಲೆಯಲ್ಲಾದರೂ ಹರಡಿ ಒಣಗಿಸಬೇಕು. ಒಂದೆರಡು ದಿನ ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಾಡಿಗೆಯದಾದರೆ ಮುಂಗಡ ಹಣವೂ ಹಿಂದೆ ಬಾರದು. ಕಂಬಳಿಯನ್ನು ಮಾತ್ರ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕಲು ಮಕ್ಕಳಿಗೆ ಬಿಡಬೇಡಿ, ಬಿಸಿಗೆ ಉಣ್ಣೆ ಕುಗ್ಗುತ್ತದೆ; ಬಿಸಿಲಿರುವ ಕಡೆ ಹರವಿ, ಕೊಡವಿ, ಹಾಗೆಯೇ ಮಡಚಿ.